ಕೊನೆಯ ಬುಟ್ಟಿಯ ತೂಕ

ಅನುಮಾನವೇ ನನ್ನ ಹೊಟ್ಟೆಪಾಡು. ಹೊಸ ಪ್ರೋಗ್ರಾಮ್ ಬರೆಯುವುದಕ್ಕಿಂತ ಹೆಚ್ಚಾಗಿ, ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ಪುತ್ತೂರಿನ ಕೃಷ್ಣಮೋಹನ ಸರ್ ನನಗೆ ಸಂಬಳ ಕೊಡುವುದು. ಕಂಪ್ಯೂಟರನ್ನು ನಂಬದೆ ನಂಬದೆ ಈಗ ಮನುಷ್ಯರನ್ನೂ ನಂಬಲಾಗದ ಸ್ಥಿತಿಗೆ ಬಂದಿದ್ದೇನೆ. 'ನಿನಗೆ ಗಂಡು ಹುಡುಕುದಲ್ಲ, ಮೊದಲು ಪೊಲೀಸ್ ಕೆಲಸ ಹುಡುಕ್ಬೇಕು' ಎಂದು ಅಮ್ಮ ಹಂಗಿಸುತ್ತಾಳೆ. ಹೆಸರು ಚೈತನ್ಯಾ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ನಮ್ಮದು ಸಣ್ಣ ಆಫೀಸು. ಅಡಿಕೆ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಮ್ ಮಾಡಿಕೊಡುತ್ತೇವೆ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಒಂದು ವಯರು ಕಂಪ್ಯೂಟರಿಗೆ ಬರುತ್ತದೆ. ತಕ್ಕಡಿಯ ಮೇಲೆ ಚೀಲ ಇಟ್ಟು ಕೀಲಿ ಒತ್ತಿದರೆ, ಅಂಕಿ ಅಲುಗಾಡುವುದು ನಿಂತ ಮೇಲೆ ತೂಕ ತಾನಾಗಿ ಬಿಲ್ಲಿಗೆ ಸೇರುತ್ತದೆ. ಈ ತೂಕದ ಭಾಗವನ್ನು ಸರ್ ತಮ್ಮ ಪ್ರಾಯದ ಕಾಲದಲ್ಲಿ ಸ್ವತಃ ಬರೆದದ್ದು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಸವಣೂರಿನ ಅಡಿಕೆ ವ್ಯಾಪಾರಿ ಹಕೀಮ್ ಸಾಹುಕಾರರು ಫೋನ್ ಮಾಡಿ ಬರಹೇಳಿದಾಗ, ಪ್ರಿಂಟರ್ ಕೆಟ್ಟಿರಬೇಕು ಎಂದುಕೊಂಡು ಹೋದೆ. ಅವರು ನನ್ನನ್ನು ಗಾಜಿನ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು.

"ಗೋದಾಮಿನಲ್ಲಿ ಅಡಿಕೆ ಕಮ್ಮಿ ಬರ್ತಾ ಉಂಟು ಮೇಡಂ. ಬಿಲ್ಲಿನಲ್ಲಿ ಇರುವಷ್ಟು ಮಾಲು ಒಳಗೆ ಇಲ್ಲ."

"ಪ್ರೋಗ್ರಾಮ್ ಚೆಕ್ ಮಾಡ್ತೇನೆ ಸಾವ್ಕಾರ್ರೆ."

"ಪ್ರೋಗ್ರಾಮ್ ಅಲ್ಲ ಮಾರಾಯ್ರೆ, ಮನುಷ್ಯರು." ಅವರು ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದರು. "ಇದು ನೋಡಿ, ಒಬ್ಬ ಅಜ್ಜನದ್ದು. ಚೀಲ ಇಳಿಸಿದ್ದು ನಮ್ಮ ಕೂಲಿಯಾಳು ಸೀತು. ಒಂದೇ ಕೈಯಲ್ಲಿ ಎತ್ತಿದ್ದೇನೆ ಅಂತ ಹೇಳ್ತಾನೆ. ಬಿಲ್ಲಿನಲ್ಲಿ ನೋಡಿದ್ರೆ ಎರಡು ಕೈಗೂ ಭಾರ ಆಗುವಷ್ಟು ಉಂಟು. ಇದು ಮುಫೀದಾ ಅಂತ, ಆಲಂಕಾರಿನವಳು. ಇವಳದ್ದೂ ಹಾಗೆಯೇ. ಇವಳ ಮನೆ ಎಲ್ಲಿ ಗೊತ್ತುಂಟಾ? ಲೈಲಾನ ಮನೆಯ ಪಕ್ಕ."

ಲೈಲಾ ಎಂದರೆ ಗಾಜಿನ ಆಚೆ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು. ನಲವತ್ತರ ಆಸುಪಾಸು, ತಲೆಗೆ ಬಿಗಿಯಾಗಿ ಶಾಲು. ಒಂದು ಕೈ ಕೀಬೋರ್ಡಿನಲ್ಲಿ, ಒಂದು ಕಣ್ಣು ತಕ್ಕಡಿಯಲ್ಲಿ, ಬಾಯಿ ಮಾತ್ರ ಸುತ್ತ ನಿಂತ ಎಲ್ಲರ ಜೊತೆ. ಒಬ್ಬರಿಗೆ ತುಳುವಿನಲ್ಲಿ ತಮಾಷೆ, ಇನ್ನೊಬ್ಬರಿಗೆ ಬ್ಯಾರಿಯಲ್ಲಿ ಗದರಿಕೆ, ಸುಳ್ಯದ ಕಡೆಯಿಂದ ಬಂದವರ ಜೊತೆ ಅರೆಭಾಷೆ. ಇಷ್ಟೊಂದು ಜನಕ್ಕೆ ಬೇಕಾದವಳಾಗಿ ಇರಬೇಕಾದರೆ ಏನಾದರೂ ಕೊಡುತ್ತಿರಲೇಬೇಕು ಎಂದು ನನ್ನ ಹಾಳು ಬುದ್ಧಿ ಆಗಲೇ ಹೇಳಿತು.

"ಅವಳು ಎಂತ ಒತ್ತುದು, ಯಾವಾಗ ಒತ್ತುದು, ಎಲ್ಲ ನನಗೆ ಗೊತ್ತಾಗ್ಬೇಕು. ಅವಳಿಗೆ ಗೊತ್ತಾಗ್ಬಾರ್ದು" ಎಂದರು ಹಕೀಮ್.

ಅದು ಕಷ್ಟವೇನಲ್ಲ. ನಾವು ತಪ್ಪು ಹುಡುಕುವಾಗ ಬಳಸುವ ಪ್ರೋಗ್ರಾಮಿನ ಇನ್ನೊಂದು ರೂಪವಿದೆ. ಕೆಲಸವೆಲ್ಲ ಹಾಗೆಯೇ ಮಾಡುತ್ತದೆ, ಆದರೆ ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಅದನ್ನೇ ಹಾಕಿದೆ. "ಅಪ್ಡೇಟ್ ಬಂದಿದೆ" ಎಂದು ಲೈಲಾಗೆ ಸುಳ್ಳು ಹೇಳಿದೆ.

ಅವಳು ನನಗೆ ನಿಂಬೆ ಸೋಡಾ ತರಿಸಿದಳು. "ಒಳ್ಳೇದಾಯ್ತು ಮೇಡಂ ನೀವು ಬಂದದ್ದು. ಈ ಮಿಷನ್ ಒಮ್ಮೊಮ್ಮೆ ಎಂತದೋ ಒಂದು ನಮೂನೆ ಮಾಡ್ತದೆ. ತೂಕ ಹಾಕಿದ್ದು ಕಾಣುದೇ ಇಲ್ಲ. ಪುನಃ ತೂಗ್ಬೇಕಾಗ್ತದೆ. ಸ್ವಲ್ಪ ನೋಡಿ ಆಯ್ತಾ?"

ನೋಡಿ, ಕಳ್ಳಿ ತಾನಾಗಿಯೇ ದಾರಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಸೋಡಾ ಪೂರ್ತಿ ಕುಡಿದೆ.

ಆ ಕಾವಲು ಇದ್ದಷ್ಟು ಕಾಲ ಒಂದು ಕಾಳು ಅಡಿಕೆಯೂ ವ್ಯತ್ಯಾಸ ಬರಲಿಲ್ಲ. ಬಿಲ್ಲು ಮತ್ತು ಗೋದಾಮು ಸರಿಯಾಗಿ ತಾಳೆಯಾದವು. ಹಕೀಮ್ ಫೋನಿನಲ್ಲಿ ನಕ್ಕರು. "ಕಂಡಿತಾ ಮೇಡಂ? ನೀವು ಬಂದು ಹೋದದ್ದೇ ಸಾಕಾಯ್ತು. ಅವಳಿಗೆ ವಾಸನೆ ಹತ್ತಿದೆ."

ಕಾವಲಿನ ರೂಪಕ್ಕೆ ಆ ಹಳೇ ಕಂಪ್ಯೂಟರು ತೆವಳುತ್ತಿತ್ತು. ಹಾಗಾಗಿ ಅದನ್ನು ತೆಗೆದು ಮಾಮೂಲಿ ಪ್ರೋಗ್ರಾಮನ್ನೇ ಮತ್ತೆ ಹಾಕಿದೆ. ಅದೇ ವಾರ ಮತ್ತೆ ಶುರು. ಮುಫೀದಾಳ ಬಿಲ್ಲಿನಲ್ಲಿ ಅವಳು ತಂದೇ ಇರದ ಕೆಲವು ಕಿಲೋ ಅಡಿಕೆ!

ಹಕೀಮ್ ಆ ದಿನ ಅಂಗಡಿ ತುಂಬ ಜನರಿದ್ದಾಗಲೇ ಎದ್ದು ನಿಂತು, "ತೂಕದಲ್ಲಿ ಕದಿಯುವವಳಿಗೆ ನನ್ನ ಅಂಗಡಿಯಲ್ಲಿ ಜಾಗ ಇಲ್ಲ" ಎಂದರಂತೆ. ಲೈಲಾ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದಳಂತೆ. ಅವಳ ಕುರ್ಚಿಗೆ ಹಕೀಮರ ತಂಗಿಯ ಮಗ ಮಶೂದ್ ಬಂದ. ಅವನು ಬಂದ ಮೇಲೆ ವ್ಯತ್ಯಾಸವೇ ಇಲ್ಲ.

ಎಲ್ಲ ಸರಿಹೋಯಿತು. ಲೈಲಾ ಇದ್ದರೆ ತಪ್ಪು, ಇಲ್ಲದಿದ್ದರೆ ಇಲ್ಲ. ನೋಡುತ್ತಿದ್ದರೆ ಇಲ್ಲ, ನೋಡದಿದ್ದರೆ ಉಂಟು. ಯಾವ ನ್ಯಾಯಾಧೀಶನಾದರೂ ಇಷ್ಟಕ್ಕೇ ತೀರ್ಪು ಬರೆದಾನು. ಆದರೆ ನನಗೆ ಒಂದು ಲೆಕ್ಕ ಸರಿ ಬರಲಿಲ್ಲ. ಆ ಕಾವಲಿನ ಸಂಗತಿ ಲೈಲಾಗೆ ಗೊತ್ತಾದದ್ದಾದರೂ ಹೇಗೆ? ನನಗೆ ಗೊತ್ತಿತ್ತು, ಹಕೀಮರಿಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ಅದಲ್ಲದೆ ನೋಡುವಾಗ ಅಡಗಿ, ನೋಡದಿದ್ದಾಗ ಎದ್ದು ಬರುವ ಒಂದು ಜಾತಿಯ ತಪ್ಪು ನನಗೆ ಚೆನ್ನಾಗಿ ಗೊತ್ತು. ಅದು ಮನುಷ್ಯರದ್ದಲ್ಲ, ಮೆಮೊರಿಯದ್ದು.

ಕಂಪ್ಯೂಟರಿನ ಮೆಮೊರಿ ಬಾಡಿಗೆ ಕೋಣೆಗಳ ಹಾಗೆ. ಒಂದು ಬಿಲ್ಲು ತೆರೆದರೆ ಅದಕ್ಕೊಂದು ಕೋಣೆ ಸಿಗುತ್ತದೆ. ಮುಚ್ಚಿದರೆ ಕೋಣೆ ಖಾಲಿ, ಮತ್ತೆ ಬಂದವರಿಗೆ ಅದನ್ನೇ ಕೊಡುತ್ತಾರೆ. ಹಳಬನ ಹೆಸರಿಗೆ ತಡವಾಗಿ ಒಂದು ಪಾರ್ಸೆಲ್ ಬಂತು ಎನ್ನಿ. ತರುವವನು ಹೆಸರು ಕೇಳದೆ ಕೋಣೆಯ ನಂಬರು ಮಾತ್ರ ನೋಡಿ ಒಳಗೆ ಇಟ್ಟುಹೋದರೆ ಅದು ಹೊಸಬನ ಪಾಲು. ಕಾವಲಿನ ರೂಪದಲ್ಲಿ ಖಾಲಿಯಾದ ಕೋಣೆಯನ್ನು ಕೂಡಲೇ ಯಾರಿಗೂ ಕೊಡುವುದಿಲ್ಲ, ಬೀಗ ಹಾಕಿ ಇಟ್ಟಿರುತ್ತಾರೆ. ಆಗ ಪಾರ್ಸೆಲ್ ಖಾಲಿ ಕೋಣೆಗೆ ಬಿದ್ದು ಯಾರಿಗೂ ಸಿಗದೆ ಹೋಗುತ್ತದೆ, ತಪ್ಪು ಕಾಣುವುದೇ ಇಲ್ಲ.

ಇದನ್ನು ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಚೈತನ್ಯಾ, ಅದು ಆಪರೇಟರ್ ಮಿಸ್ಟೇಕ್. ಸಾಹುಕಾರ್ರೇ ಕಳ್ಳಿಯನ್ನು ಹಿಡಿದಾಯ್ತು. ಇನ್ನೆಂತ? ಬಿಡು."

"ಸರ್, ಒಮ್ಮೆ ತೂಕದ ಭಾಗ ತೆರೆದು ನೋಡ್ತೇನೆ."

"ಬಿಡು ಅಂತ ಹೇಳಿದ್ದು ಕೇಳಿಲ್ವಾ?"

ಮಾಮೂಲಿಗೆ ಅವರು ಸ್ವರ ಏರಿಸುವ ಜನವಲ್ಲ. ಈಗ ಏಕೆ ಏರಿಸಿದರು? ನನ್ನ ಅನುಮಾನದ ಹುಳ ಲೈಲಾಳನ್ನು ಬಿಟ್ಟು ಸರ್ ಕಡೆಗೆ ಹೊರಳಿತು. ಅವರು ಊಟಕ್ಕೆ ಹೋದಾಗ ತೆರೆದು ಓದಿದೆ. ಮುಚ್ಚಿದ ಬಿಲ್ಲಿಗೆ ತೂಕ ಬರುವ ದಾರಿ ಅಲ್ಲಿ ತೆರೆದೇ ಇತ್ತು. ಆದರೆ ತೂಕ ನಿಲ್ಲುವ ಮೊದಲೇ ಯಾರಾದರೂ ಬಿಲ್ಲು ಮುಚ್ಚಬೇಕಾದರೂ ಏಕೆ? ಮಶೂದ್ ಮುಚ್ಚುವುದಿಲ್ಲ, ನಾನು ಮುಚ್ಚುವುದಿಲ್ಲ. ಯಾರೂ ಮಾಡದ ಕೆಲಸವನ್ನು ಆಧಾರವಾಗಿಟ್ಟು ಹಕೀಮರ ಹತ್ತಿರ ಏನು ಹೇಳುವುದು? ಉತ್ತರ ಗೊತ್ತಿದ್ದವಳು ಒಬ್ಬಳೇ, ಅವಳನ್ನು ಹಿಡಿಯಲು ಬಲೆ ಹಾಕಿದವಳು ನಾನು. ಸ್ಕೂಟರ್ ತೆಗೆದುಕೊಂಡು ಆಲಂಕಾರಿಗೆ ಹೊರಟೆ.

ಲೈಲಾ ಬಾಗಿಲಲ್ಲೇ ನಿಂತಳು. "ಇನ್ನು ಎಂತ ಬೇಕಾಗಿತ್ತು ನಿಮಗೆ? ನಿಮ್ಮ ಅಪ್ಡೇಟ್ ಎಂತದ್ದು ಅಂತ ಆಮೇಲೆ ಗೊತ್ತಾಯ್ತು ನನಗೆ."

"ಸ್ವಲ್ಪ ಮಾತಾಡ್ಲಿಕ್ಕಿತ್ತು ಲೈಲಕ್ಕ."

"ನಿಮ್ಮ ಮೊಬೈಲ್ ಆ ಜಗಲಿಯಲ್ಲಿ ಇಡಿ. ನಾನು ಮಾತಾಡಿದ್ದನ್ನು ಸಾವ್ಕಾರ್ರಿಗೆ ಕೇಳಿಸ್ಲಿಕ್ಕಾ ನೀವು ಬಂದದ್ದು?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೊಬೈಲ್ ಜಗಲಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಅವಳ ತಾಯಿ ಕದೀಜಮ್ಮ ಮೂಲೆಯ ಮಂಚದಿಂದ ನನ್ನನ್ನೇ ನೋಡುತ್ತಿದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

"ನೀವು ಕದ್ದಿದ್ದೀರಿ ಅಂತ ನನಗೆ ಕಾಣುದಿಲ್ಲ" ಎಂದೆ.

"ಅಂದು ಕಾಣ್ತಿತ್ತಲ್ಲ?"

"ಅಂದು ಕಾಣ್ತಿತ್ತು."

ಅವಳು ನೆಲಕ್ಕೆ ಕೂತಳು. ನಾನೂ ಕೂತೆ. ಅವಳೇ ಮಾತು ತೆಗೆದಳು. "ಮೊನ್ನೆ ಸಕ್ಕರೆ ತರ್ಲಿಕ್ಕೆ ಹೋಗಿದ್ದೆ. ಅಂಗಡಿಯವ ತೂಗುವಾಗ ಅಲ್ಲಿದ್ದವರೆಲ್ಲ ಒಮ್ಮೆ ತಕ್ಕಡಿ ನೋಡುದು, ಒಮ್ಮೆ ನನ್ನ ಮುಖ ನೋಡುದು. ಅವರಿಗೆ ಎಂತ ಹೇಳುದು ನಾನು? ಎಷ್ಟು ಆಲೋಚನೆ ಮಾಡಿದೆ ಗೊತ್ತುಂಟಾ ಮೇಡಂ? ಕೂತಲ್ಲಿ ನಿಂತಲ್ಲಿ ಅದೇ. ನಾನೇ ಹಾಕಿದ್ದೇನಾ? ನನಗೇ ಗೊತ್ತಿಲ್ಲದೆ ನನ್ನ ಕೈ ಹೋಗಿದೆಯಾ? ಬಿಲ್ಲಿನಲ್ಲಿ ಇರುದು ಹೌದಲ್ಲ, ನಾನೇ ಮಾಡಿದ ಬಿಲ್ಲಲ್ವಾ? ನನಗೆ ಈಗ ನನ್ನ ಮೇಲೆಯೇ ನಂಬಿಕೆ ಇಲ್ಲ."

ಎಲ್ಲರ ಅನುಮಾನವೂ ಕೊನೆಗೆ ಅವಳೊಳಗೇ ಹೋಗಿ ಕೂತಿತ್ತು.

"ಲೈಲಕ್ಕ, ನೀವು ಬಿಲ್ಲು ಮಾಡುವ ಕ್ರಮ ಒಮ್ಮೆ ತೋರಿಸಿ. ಕಂಪ್ಯೂಟರ್ ಎದುರಲ್ಲಿ ಉಂಟು ಅಂತ ಎಣಿಸಿಕೊಳ್ಳಿ. ಏನನ್ನೂ ಬಿಡ್ಬೇಡಿ."

ಅವಳು ಮನಸ್ಸಿಲ್ಲದ ಮನಸ್ಸಿನಿಂದ ಚಾದ ಗ್ಲಾಸುಗಳನ್ನು ಚೀಲಗಳ ಹಾಗೆ ಸಾಲಾಗಿ ಇಟ್ಟಳು. ಕದೀಜಮ್ಮ ಮಂಚದಿಂದ ಕತ್ತು ಉದ್ದ ಮಾಡಿ ನೋಡತೊಡಗಿದರು.

"ಈಗ ಪದ್ಮಯ್ಯ ಗೌಡ್ರು ಜೀಪಿನಲ್ಲಿ ಅಡಿಕೆ ತಂದ್ರು. ಒಂದೊಂದೇ ಚೀಲ ತೂಗುದು. ಚೀಲ ಎಲ್ಲ ಮುಗಿದ ಮೇಲೆ ಕೊನೆಗೆ ಸ್ವಲ್ಪ ಉಳೀತದಲ್ಲ, ಅದನ್ನು ಬುಟ್ಟಿಯಲ್ಲಿ ತೂಗುದು. ಕೊನೇ ಬುಟ್ಟಿ ತಕ್ಕಡಿಗೆ ಏರಿದ ಕೂಡ್ಲೇ ಸಾವ್ಕಾರ್ರು ರೇಟಿನ ಮಾತು ಸುರು ಮಾಡ್ತಾರೆ. ಅದು ನಮ್ಮಲ್ಲಿ ಮೊದಲಿಂದಲೂ ಹಾಗೆ. ಸೋಡಾ ಬರ್ತದೆ, ಎಲೆಅಡಿಕೆ ಬರ್ತದೆ. ಇವರು ಒಂದು ಹೇಳುದು, ಅವರು ಎದ್ದು ಹೋಗ್ತೇನೆ ಅನ್ನುದು, ಪುನಃ ಕೂತುಕೊಳ್ಳುದು. ಬೇಗ ಮುಗಿಯುವ ಮಾತಲ್ಲ."

"ಆಗ ನೀವು?"

"ಆಗ ಅಲ್ಲಿ ಬಸ್ಸಿಗೆ ಹೋಗುವವರು ನಿಂತಿರ್ತಾರಲ್ಲ. ನೆಟ್ಟಣದ ಕಡೆಯ ಸುಂದರಕ್ಕ ಬರ್ತಾರೆ, ನಮ್ಮ ಮುಫೀದಾ ಬರ್ತಾಳೆ. ಒಂದು ಸಣ್ಣ ಚೀಲ ಹಿಡ್ಕೊಂಡು ಬರುವವರು. ಆ ಬಸ್ ತಪ್ಪಿದ್ರೆ ಇನ್ನೊಂದಕ್ಕೆ ಎಷ್ಟೋ ಹೊತ್ತು ಕಾಯ್ಬೇಕು. ಗೌಡ್ರ ಬುಟ್ಟಿಗೆ ಕೀಲಿ ಒತ್ತಿ ಆಗಿರ್ತದೆ. ನಾನು ಆ ಬಿಲ್ಲನ್ನು ಬದಿಗೆ ಹಾಕಿ, ಇವರದ್ದು ತೆಗೆದು ಹೆಸರು ಬರೆಯುದು. ಅಷ್ಟರಲ್ಲಿ ಸೀತು ಬುಟ್ಟಿ ಇಳಿಸಿ ಇವರ ಚೀಲ ಇಡ್ತಾನೆ. ಬಿಲ್ಲು ಕೊಟ್ಟು ಕಳಿಸುದು. ಆಮೇಲೆ ಗೌಡ್ರ ಬಿಲ್ಲು ತೆಗೆದ್ರೆ ಒಮ್ಮೊಮ್ಮೆ ಆ ಬುಟ್ಟಿಯ ತೂಕವೇ ಇರುದಿಲ್ಲ. ಪುನಃ ತೂಗುದು."

ನಾನು ತಡೆದು ಕೇಳಿದೆ, "ಕೀಲಿ ಒತ್ತಿ, ಅಂಕಿ ನಿಲ್ಲುವ ಮೊದಲೇ ಬಿಲ್ಲು ಬದಿಗೆ ಹಾಕುದಾ?"

"ಒಮ್ಮೊಮ್ಮೆ ನಿಂತಿರ್ತದೆ, ಒಮ್ಮೊಮ್ಮೆ ಇಲ್ಲ. ಬಸ್ ಹಾರ್ನ್ ಹಾಕ್ತಾ ಇರುವಾಗ ಅದೆಲ್ಲ ಯಾರು ನೋಡ್ತಾರೆ? ಯಾಕೆ, ಹಾಗೆ ಮಾಡ್ಬಾರದಿತ್ತಾ?"

ಬದಿಗೆ ಹಾಕಿದ ಬಿಲ್ಲು ಪ್ರೋಗ್ರಾಮಿನ ಲೆಕ್ಕದಲ್ಲಿ ಮುಚ್ಚಿದ ಬಿಲ್ಲೇ. ಪದ್ಮಯ್ಯ ಗೌಡರ ಕೊನೆಯ ಬುಟ್ಟಿಯ ತೂಕ, ಅವರ ಬಿಲ್ಲು ಖಾಲಿ ಮಾಡಿದ ಕೋಣೆಗೆ ಬರುತ್ತಿತ್ತು. ಅಷ್ಟರಲ್ಲಿ ಆ ಕೋಣೆ ಬಸ್ಸಿಗೆ ಹೊರಟ ಬಡ ಹೆಂಗಸಿನ ಬಿಲ್ಲಿಗೆ ಹೋಗಿರುತ್ತಿತ್ತು. ಗೌಡರ ಬುಟ್ಟಿಯನ್ನು ಪುನಃ ತೂಗುತ್ತಿದ್ದುದರಿಂದ ಅವರಿಗೆ ನಷ್ಟವಿಲ್ಲ. ಬಸ್ಸಿಗೆ ಹೋಗುವವರಿಗೆ ತಂದಿರದ ಅಡಿಕೆಯ ಲಾಭ. ಗೋದಾಮಿನಲ್ಲಿ ಅಷ್ಟೇ ಕಡಿಮೆ. ಲೈಲಾ ಯಾರಿಗೆ ದಯೆ ತೋರಿಸುತ್ತಿದ್ದಳೋ ಸರಿಯಾಗಿ ಅವರ ಬಿಲ್ಲಿನಲ್ಲೇ ತಪ್ಪು! ಮಶೂದ್ ಯಾರಿಗೂ ಬಸ್ ಹಿಡಿಸಿಕೊಟ್ಟವನಲ್ಲ. ರೇಟಿನ ಮಾತು ಮುಗಿಯುವವರೆಗೂ ಮೊಬೈಲ್ ನೋಡುತ್ತ ಕೂರುತ್ತಾನೆ. ಅವನ ಬಿಲ್ಲುಗಳು ಸರಿ ಬಂದದ್ದು ಅದಕ್ಕೇ.

"ನಿಮ್ಮ ಕೈ ತಪ್ಪು ಮಾಡಿಲ್ಲ ಲೈಲಕ್ಕ" ಎಂದೆ. ಅವಳು ನಂಬಲಿಲ್ಲ. ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

ಆಫೀಸಿಗೆ ಬಂದು, ಮೂಲೆಯಲ್ಲಿದ್ದ ತಕ್ಕಡಿಯನ್ನು ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಮೆಮೊರಿಯ ಕಳ್ಳತನ ಹಿಡಿಯುವ ಟೂಲ್ ಹಾಕಿದೆ. ನೀರಿನ ಬಾಟಲಿ ಇಟ್ಟೆ, ಕೀಲಿ ಒತ್ತಿದೆ, ಬಿಲ್ಲನ್ನು ಬದಿಗೆ ಹಾಕಿ ಹೊಸದು ತೆರೆದೆ. ಪ್ರೋಗ್ರಾಮ್ ಗಕ್ಕನೆ ನಿಂತು, ಕೆಂಪು ಅಕ್ಷರದಲ್ಲಿ ಒಂದು ಸಾಲನ್ನು ತೋರಿಸಿತು. ಖಾಲಿ ಮಾಡಿದ ಜಾಗಕ್ಕೆ ಬರೆಯುತ್ತಿದ್ದೀರಿ ಎಂದಿತು. ಸರ್ ನನ್ನ ಹಿಂದೆ ನಿಂತು ನೋಡುತ್ತಿದ್ದರು.

"ಅದು ನಾನು ಬರೆದ ಲೈನು" ಎಂದರು ಮೆಲ್ಲಗೆ.

"ಹೌದು ಸರ್."

"ಸರಿ ಮಾಡಿ ಕಳಿಸುವ. ಅಪ್ಡೇಟ್ ಅಂತ ಹೇಳಿದ್ರೆ ಆಯ್ತು. ಎಂತಕ್ಕೆ ಅಂತ ಯಾರಿಗೂ ಹೇಳುದು ಬೇಡ."

ನನ್ನ ಪಿತ್ತ ನೆತ್ತಿಗೇರಿತು. "ಮತ್ತೆ ಲೈಲಕ್ಕ?"

"ನಾನೆಂತ ಅವರನ್ನು ಕಳ್ಳಿ ಅಂತ ಹೇಳಿದ್ದಾ? ಕಡಬದಿಂದ ಸುಳ್ಯದವರೆಗೆ ಅಂಗಡಿ ಅಂಗಡಿಯಲ್ಲಿ ನಮ್ಮ ಪ್ರೋಗ್ರಾಮ್ ಉಂಟು ಮಾರಾಯ್ತಿ. ತೂಕವೇ ತಪ್ಪು ಅಂತ ಗೊತ್ತಾದ್ರೆ ನಾಳೆ ಬಾಗಿಲು ಹಾಕ್ಬೇಕು."

"ಹಾಗಾದ್ರೆ ಆ ಅಂಗಡಿಗಳಲ್ಲೂ ಒಬ್ಬೊಬ್ಬಳು ಲೈಲಕ್ಕ ಮನೆಗೆ ಹೋಗಿರ್ಬಹುದಲ್ಲ ಸರ್?"

ನಾನು ಪೆನ್‌ಡ್ರೈವ್ ಕಿತ್ತುಕೊಂಡು ಎದ್ದೆ. "ನೀವು ನನ್ನನ್ನು ಕೆಲಸದಿಂದ ತೆಗೆಯುದಾದ್ರೆ ಸವಣೂರಿಗೆ ಹೋಗಿ ಬಂದ ಮೇಲೆ ತೆಗೆಯಿರಿ" ಎಂದು ಹೇಳಿ ಮೆಟ್ಟಿಲು ಇಳಿದೆ.

ಹಕೀಮ್ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿ ಕಣ್ಣು ಸಣ್ಣ ಮಾಡಿದರು. "ನೀವು ಆಲಂಕಾರಿಗೆ ಹೋಗಿದ್ರಂತೆ. ಅವಳು ನಿಮಗೆ ಎಂತ ಕೊಟ್ಟಳು?"

ಆ ಮಾತಿಗೆ ಮೈ ಉರಿದುಹೋಯಿತು. ಲೈಲಾ ಅನುಭವಿಸಿದ್ದರಲ್ಲಿ ಒಂದು ಚಿಟಿಕೆ ನನಗೂ ಸಿಕ್ಕಿತು. "ಚಾ ಸಹ ಕೊಡ್ಲಿಲ್ಲ ಸಾವ್ಕಾರ್ರೆ. ಎದ್ದು ಬನ್ನಿ. ಮಶೂದ್, ನೀನು ಆಚೆ ಹೋಗು. ಸಾವ್ಕಾರ್ರೇ, ಆ ಕುರ್ಚಿಯಲ್ಲಿ ನೀವು ಕೂತುಕೊಳ್ಳಿ. ನಾನು ಕೀಬೋರ್ಡ್ ಮುಟ್ಟುದಿಲ್ಲ, ಅನುಮಾನ ಬೇಡ."

ಅವರು ಕೂತರು. ಹೊಸದೇನನ್ನೂ ಹಾಕದೆ ಅವರ ಹಳೇ ಪ್ರೋಗ್ರಾಮಿನಲ್ಲೇ ಮಾಡಿಸಿದೆ. ಸೀತು ಬುಟ್ಟಿ ಇಟ್ಟ. ಹಕೀಮ್ ಕೀಲಿ ಒತ್ತಿ, ಆ ಬಿಲ್ಲನ್ನು ಬದಿಗೆ ಹಾಕಿ, ಹೊಸ ಬಿಲ್ಲಿನಲ್ಲಿ ತಮ್ಮದೇ ಹೆಸರು ಬರೆದರು. ಬುಟ್ಟಿ ಇಳಿಸಿ ತಕ್ಕಡಿಯ ಮೇಲೆ ಒಂದು ಹಿಡಿ ಅಡಿಕೆ ಇಡಲು ಸೀತುವಿಗೆ ಹೇಳಿದೆ. ಬಿಲ್ಲು ಪ್ರಿಂಟಾಗಿ ಹೊರಗೆ ಬಂತು. ಒಂದು ಹಿಡಿ ಅಡಿಕೆಗೆ ಒಂದು ಬುಟ್ಟಿಯ ತೂಕ.

"ಈಗ ಹೇಳಿ. ಯಾರು ಕದ್ದದ್ದು?"

ಅವರು ಆ ಕಾಗದವನ್ನು ಹಿಡಿದುಕೊಂಡೇ ಕೂತರು. "ಯಾ ಅಲ್ಲಾಹ್" ಎಂದರು ಒಮ್ಮೆ. "ಅಷ್ಟು ಜನರ ಎದುರು ಹೇಳಿಬಿಟ್ಟೆನಲ್ಲ" ಎಂದರು ಇನ್ನೊಮ್ಮೆ.

ಅಂದೇ ಅವರು ಆಲಂಕಾರಿಗೆ ಹೋದರು. ಲೈಲಾ ಬರುವುದಕ್ಕೆ ಒಪ್ಪಿದಳು, ಆದರೆ ಎಲ್ಲಿ ನಿಂತು ಹೇಳಿದರೋ ಅಲ್ಲೇ ನಿಂತು, ಜನ ಇರುವಾಗಲೇ ತಿದ್ದಿ ಹೇಳಬೇಕು ಎಂದಳು. ಅವರು ಹಾಗೆಯೇ ಮಾಡಿದರು. ಅಂಗಡಿ ತುಂಬಿದ್ದ ದಿನ ಎದ್ದು ನಿಂತು, "ಲೈಲಾ ಕದ್ದದ್ದಲ್ಲ. ಮಿಷನಿನ ತಪ್ಪು. ಅವಳ ಮೇಲೆ ಹಾಕಿದ್ದು ನನ್ನ ತಪ್ಪು" ಎಂದರು. ಪದ್ಮಯ್ಯ ಗೌಡರು ತಮಗೆ ತಂದಿಟ್ಟ ಸೋಡಾವನ್ನು ಲೈಲಾಳ ಮೇಜಿನ ಮೇಲಿಟ್ಟು, "ಕುಡಿ ಮಾರಾಯ್ತಿ" ಎಂದರು. ಎಲ್ಲರೂ ನಕ್ಕರು. ಲೈಲಾ ಸಹ ನಕ್ಕಳು. ಹೊಸ ಪ್ರೋಗ್ರಾಮ್ ಹಾಕಲು ಹೋಗಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಉಳಿದ ಅಂಗಡಿಗಳಿಗೆ ಸ್ವತಃ ಸರ್ ಹೊರಟಿದ್ದರು. ಹೋಗಿ ಏನು ಹೇಳುತ್ತಾರೋ ಎಂಬ ಅನುಮಾನ ನನಗೆ ಇನ್ನೂ ಇತ್ತು, ಆದರೆ ಹೊರಟದ್ದು ಹೌದು.

ಮಧ್ಯಾಹ್ನದ ಹೊತ್ತಿಗೆ ಪದ್ಮಯ್ಯ ಗೌಡರ ಚೀಲಗಳೆಲ್ಲ ಮುಗಿದು ಕೊನೆಯ ಬುಟ್ಟಿ ತಕ್ಕಡಿ ಏರಿತು. ಹಕೀಮ್ ರೇಟಿನ ಮಾತು ತೆಗೆದರು. ಬಾಗಿಲ ಹತ್ತಿರ ಒಬ್ಬ ಮುದುಕಿ ಸಣ್ಣ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳೇ ಸುಂದರಕ್ಕ. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು.

"ಮಗಾ ಲೈಲಾ, ಬಸ್ ಬಂತು. ನನ್ನದೊಂದು ನೋಡ್ತೀಯಾ?"

ಲೈಲಾಳ ಕೈ ಅಭ್ಯಾಸದಂತೆ ಕೀಬೋರ್ಡಿನ ಕಡೆಗೆ ಹೋಗಿ ನಿಂತಿತು.

"ಮಾಡಿ ಲೈಲಕ್ಕ" ಎಂದೆ ನಾನು. "ಈಗ ಎಂತ ಆಗುದಿಲ್ಲ. ನಾನು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ."

"ಗೊತ್ತುಂಟು ಮೇಡಂ. ಮಿಷನ್ ಸರಿ ಆಗಿದೆ." ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ತಕ್ಕಡಿಯ ಅಂಕಿಯನ್ನೇ ನೋಡುತ್ತ, ಅತ್ತ ತಿರುಗದೆ ಹೇಳಿದಳು, "ಸುಂದರಕ್ಕ, ಅಲ್ಲಿ ಬೆಂಚಿನಲ್ಲಿ ಕೂತ್ಕೊಳ್ಳಿ. ಗೌಡ್ರದ್ದು ಮುಗೀಲಿ. ಸಾಲಿನಲ್ಲಿ ಬರುವ."

ಬಸ್ ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು. ಸುಂದರಕ್ಕ ಬೆಂಚಿನ ತುದಿಯಲ್ಲಿ ಕೂತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು.